ಅಧ್ಯಕ್ಷರ ಕಾರಿಗೆ ನಾನು ಕೂರಿಸಿದ ಡಬ್ಬಿ

ಪಾಲಿಟೆಕ್ನಿಕ್ಕಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಏನೇನು ಕೆಲಸ ಮಾಡಬೇಕು ಎಂಬುದು ನೇಮಕಾತಿ ಆದೇಶದ ಹಿಂದಿನ ಪುಟದಲ್ಲಿ ಅಚ್ಚಾಗಿರುತ್ತದೆ. ಉಪಕರಣಗಳನ್ನು ಸುಸ್ಥಿತಿಯಲ್ಲಿಡುವುದು, ವಿದ್ಯಾರ್ಥಿಗಳಿಗೆ ಪ್ರಯೋಗ ತೋರಿಸುವುದು, ದಾಸ್ತಾನು ಪುಸ್ತಕ ಬರೆಯುವುದು. ಆಡಳಿತ ಮಂಡಳಿಯವರ ಮನೆಯ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಟಿವಿಯ ರಿಮೋಟು ದುರಸ್ತಿ ಮಾಡುವುದು ಆ ಪುಟದಲ್ಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರು ಆ ಪುಟವನ್ನು ಓದಿ ಮಡಿಚಿಟ್ಟ ಮೇಲೆ ಇದನ್ನೂ ಒಮ್ಮೆ ಓದಲಿ ಎಂದು ಬರೆಯುತ್ತಿದ್ದೇನೆ. ಬಾಗಲಕೋಟೆಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾನು ಮೂವತ್ತು ವರ್ಷ ಇದ್ದೆ. ಬಡ್ತಿ ಒಂದೇ ಸಲ ಬಂತು. ಬಂದದ್ದು ನನಗೂ ತಡವಾಗಿಯೇ ಗೊತ್ತಾಯಿತು. ಅದರ ಸುದ್ದಿ ಬೇಡ.

ನಾನು ಇಳಕಲ್ಲಿನ ನೇಕಾರರ ಮನೆಯವಳು. ಸಂದರ್ಶನದ ದಿನ ಆಗಿನ ಪ್ರಾಚಾರ್ಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಮಗಳು ನೀನು, ವೈರಿನ ಕೆಲಸಾ ಹೆಂಗ ಮಾಡ್ತೀಯವಾ?" ಎಂದು ಕೇಳಿದ್ದರು.

"ನಮ್ಮ ಮಗ್ಗದ ಮ್ಯಾಲ ಸಾವಿರಾರು ಎಳಿ ಇರ್ತಾವ್ರಿ. ಅದರಾಗ ಹರದದ್ದ ಒಂದ ಹುಡುಕಿ ಗಂಟ ಹಾಕ್ತೇವಿ. ನಿಮ್ಮ ಡಬ್ಬಿಯೊಳಗ ಎಷ್ಟ ವೈರ ಇದ್ದಾವ್ರಿ?" ಎಂದೆ.

ನಕ್ಕು ಕೆಲಸ ಕೊಟ್ಟರು. ಆ ಮಾತು ಸ್ವಲ್ಪ ಹೆಚ್ಚಾಯಿತೆಂದು ಮೊದಲನೇ ವಾರವೇ ಗೊತ್ತಾಯಿತು. ಎಳೆ ಹರಿದರೆ ಕಣ್ಣಿಗೆ ಕಾಣುತ್ತದೆ. ವೈರು ಹರಿದರೆ ಸುಮ್ಮನೆ ನಮ್ಮ ಮುಖ ನೋಡುತ್ತದೆ.

ತೊಂಬತ್ತರ ದಶಕದ ಕೊನೆಗೆ ಅಣೆಕಟ್ಟಿನ ಹಿನ್ನೀರು ಹಳೇ ಊರಿನೊಳಗೆ ಬರತೊಡಗಿದಾಗ ನಮ್ಮ ಲ್ಯಾಬು ಹೊಸದಾಗಿ ಕಟ್ಟಿದ ನವನಗರಕ್ಕೆ ಎದ್ದಿತು. ಲ್ಯಾಬಿನಲ್ಲಿ ಒಂದು ಆಸಿಲೋಸ್ಕೋಪು ಇತ್ತು. ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ಅದನ್ನು ಹಮಾಲರ ಕೈಗೆ ಕೊಡಲು ಮನಸ್ಸಾಗದೆ, ಕೌದಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಟೆಂಪೋದಲ್ಲಿ ತಂದೆ. ಹೊಸ ಲ್ಯಾಬಿನ ಉದ್ಘಾಟನೆ ಹಾರ ತುರಾಯಿಗಳೊಂದಿಗೆ ಆಯಿತು. ಕರೆಂಟು ಬಂದದ್ದು ನಾಲ್ಕು ತಿಂಗಳ ಮೇಲೆ. ಅಲ್ಲಿಯವರೆಗೆ, ಯಂತ್ರದ ಪರದೆಯ ಮೇಲೆ ಬರಬೇಕಾಗಿದ್ದ ಗೆರೆಗಳನ್ನು ಕರಿಹಲಗೆಯ ಮೇಲೆ ಖಡುವಿನಿಂದ ಬರೆದು ತೋರಿಸಿದೆ. ಆ ವರ್ಷ ನಮ್ಮ ವಿಭಾಗದ ಫಲಿತಾಂಶ ಹಿಂದೆಂದಿಗಿಂತ ಚೆನ್ನಾಗಿ ಬಂತು. ಇದರಿಂದ ಏನು ತಿಳಿಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಮುಂದೆ ಮೈಸೂರು ಕಡೆಯ ಒಬ್ಬರು ಪ್ರಾಚಾರ್ಯರಾಗಿ ಬಂದರು. ಈ ಕಥನದ ಕೊನೆಯವರೆಗೂ ಅವರೇ ಪ್ರಾಚಾರ್ಯರು. ಒಳ್ಳೆಯ ಮನುಷ್ಯರು, ಸಿಟ್ಟು ಕಡಿಮೆ, ಮಾತು ಪುಸ್ತಕದಂತೆ. ಅವರ ದೌರ್ಬಲ್ಯ ವರದಿ. ಬಾದಾಮಿ ಕಡೆಯ ಹಳ್ಳಿಯೊಂದರಲ್ಲಿ ನೀರಿನ ಪಂಪು ದಿನಕ್ಕೆ ನಾಲ್ಕು ಸಲ ನಿಲ್ಲುತ್ತಿದೆ, ನೋಡಿಕೊಡಿ ಎಂದು ಪಂಚಾಯತಿಯವರು ಕೇಳಿಕೊಂಡಿದ್ದರು. ನಾವಿಬ್ಬರೂ ಹೋದೆವು. ಸ್ಟಾರ್ಟರಿನ ಪೆಟ್ಟಿಗೆ ತೆಗೆದರೆ ಒಳಗೆ ಒಂದು ಹಲ್ಲಿ ಸತ್ತು ಒಣಗಿ ಎರಡು ತಂತಿಗಳ ನಡುವೆ ಅಂಟಿಕೊಂಡಿತ್ತು. ಪೊರಕೆಯ ಕಡ್ಡಿಯಿಂದ ಎಬ್ಬಿಸಿ ತೆಗೆದೆ, ಪಂಪು ನಡೆಯಿತು. ಪ್ರಾಚಾರ್ಯರು ಬರೆದ ವರದಿಯಲ್ಲಿ ಅದು 'ಜೈವಿಕ ಮೂಲದ ಅನಿರೀಕ್ಷಿತ ವಿದ್ಯುತ್ ಸೇತುವೆ' ಆಗಿತ್ತು. ವರದಿಯಲ್ಲಿ ಹಲ್ಲಿಯ ಹೆಸರೂ ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ.

ಇನ್ನು ಕಾರಿನ ಸಂಗತಿ. ನನ್ನ ನೌಕರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಅದಕ್ಕೇ ಅದನ್ನು ಪೂರ್ತಿ ಬರೆಯುತ್ತೇನೆ.

ನಮ್ಮ ಸಂಸ್ಥೆಯ ಅಧ್ಯಕ್ಷರು ಇಳಕಲ್ಲಿನವರೇ, ಕೆಂಪು ಗ್ರಾನೈಟಿನ ವ್ಯಾಪಾರ. ಎರಡು ಸಾವಿರದ ಎಂಟೋ ಒಂಬತ್ತೋ, ಅವರು ಬೆಂಗಳೂರಿನಿಂದ ಒಂದು ಹೈಬ್ರಿಡ್ ಕಾರು ತರಿಸಿದರು. ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ. ಗಾಡಿ ನಿಂತರೆ ಎಂಜಿನ್ ತಾನೇ ಬಂದ್ ಆಗುತ್ತಿತ್ತು. ಹೊರಡುವಾಗ ಬ್ಯಾಟರಿಯ ಮೋಟರು ಕೈ ಹಚ್ಚುತ್ತಿತ್ತು. ಮೊದಲ ದಿನ ಕಾಲೇಜಿನ ಗೇಟಿನಲ್ಲಿ ಎಂಜಿನ್ ಸದ್ದು ನಿಂತದ್ದೇ ತಡ, ಗಾಡಿ ಕೆಟ್ಟಿತೆಂದು ತಿಳಿದು ವಾಚ್‌ಮನ್ ಹಿಂದಿನಿಂದ ನೂಕಲು ನಿಂತಿದ್ದ.

ಮಾರಿದವರು ಲೀಟರಿಗೆ ಇಪ್ಪತ್ತರ ಮೇಲೆ ಓಡುತ್ತದೆ ಎಂದಿದ್ದರಂತೆ. ಓಡುತ್ತಿದ್ದದ್ದು ಹದಿಮೂರು. ಅಧ್ಯಕ್ಷರಿಗೆ ಪೆಟ್ರೋಲಿನ ಖರ್ಚು ಲೆಕ್ಕಕ್ಕಿರಲಿಲ್ಲ. ಆದರೆ ಕಲ್ಲಿನ ವ್ಯಾಪಾರದವರಿಗೆ ಅಳತೆಯಲ್ಲಿ ಕಡಿಮೆ ಬಂದರೆ ಊಟ ಸೇರುವುದಿಲ್ಲ. ಮಂಡಳಿಯ ಸಭೆಯಲ್ಲಿ ಕಟ್ಟಡದ ವಿಷಯ ಮುಗಿಯುತ್ತಲೇ, "ನಮ್ಮ ಕಾಲೇಜಿನಾಗ ಇಷ್ಟ ಮಂದಿ ಕಲತಾವ್ರು ಅದೀರಿ, ಒಂದ ಗಾಡಿ ಮೈಲೇಜ್ ಕೊಡೂ ಹಂಗ ಮಾಡಾಕ ಆಗಂಗಿಲ್ಲೇನ್ರಿ?" ಎಂದರು. ಕಲಿತವರೆಲ್ಲ ಚಹಾದ ಕಪ್ಪಿನೊಳಗೆ ನೋಡಿದರು. ಪ್ರಾಚಾರ್ಯರು ಮಾತ್ರ, "ಆಗುತ್ತೆ ಸರ್" ಎಂದುಬಿಟ್ಟರು.

ಮರುದಿನ ಅವರು ಇಂಟರ್ನೆಟ್ಟಿನಿಂದ ತೆಗೆದ ನಾಲ್ಕು ಹಾಳೆ ಹಿಡಿದು ಲ್ಯಾಬಿಗೆ ಬಂದರು. ಯಾರೋ ಪರದೇಶದವರು ತಮ್ಮ ಮನೆಯ ಗ್ಯಾರೇಜಿನಲ್ಲಿ ಮಾಡಿ ಬರೆದದ್ದು.

"ಗಿರಿಜಾ ಅವರೇ, ಇದನ್ನು ಸ್ವಲ್ಪ ಓದಿ. ಪೆಡಲಿನಿಂದ ಹೋಗುವ ಸಿಗ್ನಲನ್ನು ತಗ್ಗಿಸಿದರೆ ಮೈಲೇಜ್ ಹೆಚ್ಚಾಗುತ್ತಂತೆ. ಅಧ್ಯಕ್ಷರ ಕಾರಿಗೆ ನಾವೇ ಮಾಡಿಕೊಡೋಣ."

"ಸರ್, ಹೊಸಾ ಗಾಡಿ ಐತ್ರಿ. ವೈರ ಮುಟ್ಟಿದ್ರ ಕಂಪನಿಯವ್ರ ಗ್ಯಾರಂಟಿ ಹೋಗತೈತಿ."

"ಗ್ಯಾರಂಟಿ ಅವರದ್ದು, ಸಂಶೋಧನೆ ನಮ್ಮದು" ಎಂದರು ಪ್ರಾಚಾರ್ಯರು.

ಈಗ ಕೆಲಸಕ್ಕೆ ಸೇರುವವರಿಗೆ ಇದು ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಹಳೇ ಗಾಡಿಗಳಲ್ಲಿ ಎಕ್ಸಿಲೇಟರ್ ತುಳಿದರೆ ಒಂದು ತಂತಿ ಜಗ್ಗಿ ಎಂಜಿನ್ನಿನ ಬಾಯಿ ತೆರೆಯುತ್ತಿತ್ತು. ಮಾಲೀಕರು ಪೆಡಲಿನ ಕೆಳಗೆ ಒಂದು ಕಟ್ಟಿಗೆ ತುಂಡು ಬಡಿದು ಡ್ರೈವರನ ಕಾಲಿಗೆ ಗಡಿ ಹಾಕುತ್ತಿದ್ದರು. ಹೊಸ ಗಾಡಿಯಲ್ಲಿ ಆ ತಂತಿಯೇ ಇಲ್ಲ. ಕಾಲು ಎಷ್ಟು ತುಳಿದಿದೆ ಎಂದು ಅಳೆಯುವ ಒಂದು ಸೆನ್ಸರ್ ಪೆಡಲಿನ ಬುಡದಲ್ಲಿರುತ್ತದೆ. ಅದು ವೋಲ್ಟೇಜಿನ ಭಾಷೆಯಲ್ಲಿ ಕಂಪ್ಯೂಟರಿಗೆ ಹೇಳುತ್ತದೆ; ಪೆಟ್ರೋಲೆಷ್ಟು, ಬ್ಯಾಟರಿಯೆಷ್ಟು ಎಂದು ಕಂಪ್ಯೂಟರು ತೀರ್ಮಾನಿಸುತ್ತದೆ. ನಾವು ಮಾಡಬೇಕಾದದ್ದು ಇವರಿಬ್ಬರ ನಡುವೆ ಒಂದು ಡಬ್ಬಿ ಕೂರಿಸುವುದು. ಕಾಲು ನೂರು ಎಂದರೆ ಡಬ್ಬಿ ಎಂಬತ್ತು ಎಂದು ವರದಿ ಮಾಡಬೇಕು. ಕೆಳಗಿನವರು ಹೇಳಿದ್ದನ್ನು ತಗ್ಗಿಸಿ ಮೇಲೆ ಹೇಳುವ ವಿದ್ಯೆ ನಮ್ಮ ಕಚೇರಿಗೆ ಹೊಸದೇನಲ್ಲವಾದ್ದರಿಂದ ತತ್ವ ಬೇಗ ತಿಳಿಯಿತು.

ಖರೆ ಹೇಳಬೇಕೆಂದರೆ ನನಗೂ ಆಸೆ ಹುಟ್ಟಿತ್ತು. ಇಪ್ಪತ್ತೇಳು ವರ್ಷ ಅದೇ ಹನ್ನೆರಡು ಪ್ರಯೋಗಗಳನ್ನು ತೋರಿಸಿದವಳು. ಉತ್ತರ ಮೊದಲೇ ಗೊತ್ತಿಲ್ಲದ ಪ್ರಯೋಗ ಕೈಗೆ ಬಂದದ್ದು ಅದೇ ಮೊದಲು.

ಅಧ್ಯಕ್ಷರ ಡ್ರೈವರ್ ಬೀರಪ್ಪ. ನಲವತ್ತೈದರ ಆಸುಪಾಸಿನವನು, ಹುನಗುಂದ ತಾಲೂಕಿನ ಕುರಿ ಸಾಕುವ ಮನೆತನ. ಅಣ್ಣತಮ್ಮಂದಿರು ಈಗಲೂ ಕುರಿಯ ಹಿಂದೆ. ಇವನೊಬ್ಬ ಸ್ಟೇರಿಂಗಿನ ಹಿಂದೆ. ಕಾರನ್ನು ಲ್ಯಾಬಿನ ಮುಂದಿನ ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿ, ನಾನು ಪೆಡಲಿನ ಬುಡಕ್ಕೆ ತಲೆ ಹಾಕಿ ಮಲಗಿದ್ದನ್ನು ನೋಡುತ್ತ ನಿಂತ.

"ಅಕ್ಕೋರ, ಹೊಟ್ಟಿ ಕೊಯ್ಯಾಕತ್ತೀರಿ, ಹೊಲಿಯಾಕ ಬರತೈತೆಲ್ರಿ?"

"ನಾ ನೇಕಾರ ಮಗಳ ಅದೀನೋ ಬೀರಪ್ಪ."

ಹೊಲಿಯಲು ಬಂತು, ಆದರೆ ಗಾಡಿ ಏಳಲಿಲ್ಲ. ಸೆನ್ಸರಿನಿಂದ ಸಿಗ್ನಲ್ಲಿನ ಎರಡು ವೈರು ಬರುತ್ತಿದ್ದವು. ಒಂದರಲ್ಲಿ ಒಂದಿಷ್ಟು ವೋಲ್ಟೇಜು, ಇನ್ನೊಂದರಲ್ಲಿ ಅದರ ಅರ್ಧ. ನಾನು ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದೆ ಮೊದಲನೆಯದಕ್ಕೆ ಮಾತ್ರ ಡಬ್ಬಿ ಜೋಡಿಸಿದ್ದೆ. ಬೀರಪ್ಪ ಗಾಡಿ ಚಾಲೂ ಮಾಡಿ ಪೆಡಲ್ ತುಳಿದದ್ದೇ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಗಾಡಿ ಎಮ್ಮೆಯ ನಡಿಗೆಗಿಂತ ಜೋರು ಹೋಗಲು ಒಪ್ಪಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಮೂರು ಸೈಕಲ್ಲು ನಮ್ಮನ್ನು ದಾಟಿದವು.

ನಾನು ಎರಡು ದಿನ ಮೀಟರು ಹಿಡಿದು ಕೂತ ಮೇಲೆ ಕಾರಣ ತಿಳಿಯಿತು. ಕಂಪ್ಯೂಟರು ಎರಡು ವೈರುಗಳನ್ನೂ ಕೇಳಿ ತಾಳೆ ನೋಡುತ್ತದೆ. ತಾಳೆ ಬೀಳದಿದ್ದರೆ ಯಾರನ್ನೂ ನಂಬುವುದಿಲ್ಲ. ಬೀರಪ್ಪನಿಗೆ ಹೇಳಿದೆ.

"ಅಂದ್ರ ಇದು ಪಂಚರ ಕಟ್ಟಿ ಇದ್ದಂಗ ಆತು. ಇಬ್ಬರು ಸಾಕ್ಷಿ ಬೇಕು" ಎಂದ.

ಕಾರು ಮಾಡಿದವರು ಎರಡು ವೈರು ಸುಮ್ಮನೆ ಎಳೆದಿರಲಿಲ್ಲ. ಈ ಒಂದು ಸಂಗತಿಯಲ್ಲಿ ತಪ್ಪಾದರೆ ಪ್ರಾಣ ಹೋಗುತ್ತದೆ ಎಂದು ತಿಳಿದೇ ಇಬ್ಬರು ಸಾಕ್ಷಿಗಳನ್ನಿಟ್ಟಿದ್ದರು. ಅದು ನನಗೆ ಎಚ್ಚರಿಕೆಯಾಗಿ ಕೇಳಿಸಬೇಕಿತ್ತು. ನಾನು ಅದನ್ನು ಪರೀಕ್ಷೆಯ ಪ್ರಶ್ನೆ ಎಂದು ತಿಳಿದೆ. ಇನ್ನೊಂದು ವಾರ ಕೂತು, ಎರಡು ಸಾಕ್ಷಿಗಳಿಗೂ ಒಂದೇ ಸುಳ್ಳು ಕಲಿಸಿದೆ. ಎರಡೂ ವೋಲ್ಟೇಜುಗಳನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸುವ ಸರ್ಕ್ಯೂಟನ್ನು ಒಂದು ಅಲ್ಯುಮಿನಿಯಂ ಡಬ್ಬಿಯಲ್ಲಿ ಕೂರಿಸಿ, ಹೊರಗೆ ಒಂದು ಹಸಿರು ದೀಪ ಇಟ್ಟೆ. ಹಳದಿ ದೀಪ ಹತ್ತಲಿಲ್ಲ. ಗಾಡಿ ಮೆತ್ತಗೆ, ಸಭ್ಯವಾಗಿ ಹೊರಟಿತು. ನವನಗರದ ರಸ್ತೆಗಳಲ್ಲಿ ಮೈಲೇಜು ಹದಿನೈದಕ್ಕೇರಿತು. ಪ್ರಾಚಾರ್ಯರು ನನ್ನ ನೋಟ್‌ಬುಕ್ಕಿನಲ್ಲಿದ್ದ ಸರ್ಕ್ಯೂಟಿನ ಚಿತ್ರವನ್ನು ಅವತ್ತೇ ಟೈಪು ಮಾಡಿಸಲು ಒಯ್ದರು. ಅದೇ ನೋಟ್‌ಬುಕ್ಕಿನಲ್ಲಿ ನಾನು 'ಪೆಡಲ್ ಪೂರ್ತಿ ತುಳಿದರೂ ಎಂಬತ್ತು' ಎಂದು ಬರೆದಿದ್ದೆ. ಬರೆದದ್ದು 'ಉಳಿತಾಯ' ಎಂಬ ತಲೆಬರಹದ ಕೆಳಗೆ.

ಊರ ಹೊರಗಿನ ಪರೀಕ್ಷೆ ಬಾಕಿ ಇತ್ತು. ಒಂದು ಶನಿವಾರ ಮುಂಜಾನೆ ಬೀರಪ್ಪ, ನಾನು ಇಬ್ಬರೇ ಹುನಗುಂದದ ದಾರಿ ಹಿಡಿದೆವು. ಇಳಕಲ್ಲಿನವರೆಗೆ ಹೋಗಿ ಬರುವುದೆಂದಿತ್ತು. ನಾನು ಮುಂದಿನ ಸೀಟಿನಲ್ಲಿ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎರಡು ದಿನ ಮಳೆಯಾಗಿ ಎರೆಹೊಲಗಳು ಕರ್ರಗೆ ಹೊಳೆಯುತ್ತಿದ್ದವು. ಕಮತಗಿ ದಾಟಿತು. ಮುಂದೆ ಎರಡು ಟ್ರೇಲರು ಜಗ್ಗುತ್ತ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ದಾರಿ ಬಯಲಾಗಿತ್ತು, ಬೀರಪ್ಪ ಹಾರ್ನು ಹೊಡೆದು ಬಲಕ್ಕೆ ತೆಗೆದ.

ಎರಡನೇ ಟ್ರೇಲರ್ ದಾಟಿದೆವು. ಮೊದಲನೆಯದರ ಸಮಕ್ಕೆ ಬಂದಾಗ ಮುಂದಿನ ತಿರುವಿನಿಂದ ಒಂದು ಟಂಟಂ ಬಂತು. ಮೂರು ಗಾಲಿಯ ಗಾಡಿ, ತುಂಬ ಹೆಣ್ಣುಮಕ್ಕಳು. ಬೀರಪ್ಪ ಪೆಡಲನ್ನು ನೆಲಕ್ಕೆ ಹಚ್ಚಿ ತುಳಿದದ್ದನ್ನು ನಾನು ನೋಡಿದೆ. ಗಾಡಿ ಅದೇ ಸಭ್ಯ ನಡಿಗೆಯಲ್ಲಿ ಹೋಯಿತು. ನನ್ನ ತೊಡೆಯ ಮೇಲೆ ಮೀಟರು ಸರಿಯಾಗಿ ಎಂಬತ್ತನ್ನೇ ತೋರಿಸುತ್ತಿತ್ತು. ಹಿಂದೆ ಸರಿಯೋಣವೆಂದರೆ ನಾವು ಬಿಟ್ಟ ಜಾಗಕ್ಕೆ ಒಂದು ಬಸ್ಸು ಬಂದು ಸೇರಿತ್ತು.

"ಗಟ್ಯಾಗಿ ಹಿಡಕೊಳ್ರಿ ಅಕ್ಕೋರ!" ಎಂದವನೇ ಬೀರಪ್ಪ ಕಾರನ್ನು ಬಲಗಡೆಯ ಹೊಲಕ್ಕೆ ಇಳಿಸಿದ. ಟಂಟಂ ನಮ್ಮ ಎಡಗಡೆಯಿಂದ ಗಾಳಿ ಸೀಳಿದಂತೆ ಹೋಗಿ, ಸ್ವಲ್ಪ ದೂರದಲ್ಲಿ ವಾಲಾಡಿ ನಿಂತಿತು. ನಮ್ಮ ಗಾಡಿ ಎರೆಮಣ್ಣಿನಲ್ಲಿ ಅರ್ಧ ಗಾಲಿ ಹುಗಿದುಕೊಂಡು ನಿಂತಿತು. ನಿಂತ ಕೂಡಲೇ ಎಂಜಿನ್ ತಾನೇ ಬಂದ್ ಆಯಿತು. ಪೆಟ್ರೋಲ್ ಉಳಿಸಲು.

ಟಂಟಂನಿಂದ ಇಳಿದವರು ಕಮತಗಿಗೆ ಮಗ್ಗದ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು. ಅವರಲ್ಲಿ ಹಿರಿಯಳಾದ ಒಬ್ಬಾಕೆ ಸೀರೆ ಎತ್ತಿ ಕಟ್ಟಿ ಕೆಸರು ತುಳಿಯುತ್ತ ಬಂದಳು.

"ಏನೋ ತಮ್ಮಾ, ಮುಂದಕ್ಕರ ಹೋಗಬೇಕು, ಹಿಂದಕ್ಕರ ಸರೀಬೇಕು. ನಟ್ಟನಡುವ ಯಾಕ ಮದಲಿಂಗನಂಗ ಹೊಂಟಿದ್ದಿ?"

"ಗಾಡಿ ಎಳೀಲಿಲ್ಲ ಯವ್ವಾ."

"ಇಂಥಾ ಗಾಡಿ ಎಳಿಯಂಗಿಲ್ಲಾ? ಹತ್ತ ಮಂದೀನ ಹೇರಕೊಂಡು ನಮ್ಮ ಟಂಟಂ ಎಳೀತೈತಿ!" ಎಂದವಳು ನನ್ನನ್ನು ನೋಡಿದಳು. ನಾನು ಮೀಟರನ್ನು ಇನ್ನೂ ತೊಡೆಯ ಮೇಲೆ ಅವುಚಿ ಹಿಡಿದು ಕೂತಿದ್ದೆ. ಅವಳ ದನಿ ಇಳಿಯಿತು. ಬುತ್ತಿಯ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. "ಕುಡೀರಿ ಅಕ್ಕಾರ. ಏನೂ ಆಗಿಲ್ಲ. ಅದೇನ್ರಿ ತೊಡಿ ಮ್ಯಾಲ?"

"ಮೀಟರು."

"ಏನ ಅಳಿಯಾಕತ್ತಿದ್ರಿ?"

"ಪೆಟ್ರೋಲ ಎಷ್ಟ ಉಳೀತೈತಿ ಅಂತ."

"ಉಳೀತೇನ್ರಿ?" ಎಂದು ಕೇಳಿದಳು. ಕುಹಕವಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದಳು. ನಾನು ಮೀಟರನ್ನು ಬಂದ್ ಮಾಡಿದೆ. ಆ ಹೆಣ್ಣುಮಕ್ಕಳೇ ಎಲ್ಲರೂ ಸೇರಿ ನೂಕಿ ಗಾಡಿಯನ್ನು ರಸ್ತೆಗೆ ಹತ್ತಿಸಿದರು. ಕೆಲಸಕ್ಕೆ ಹೊತ್ತಾಯಿತೆಂದು ಅವಸರದಿಂದ ಹೊರಟರು. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಬೀರಪ್ಪ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಕಾಲಿನ ಕೆಸರು ಒರೆಸಿಕೊಂಡ.

"ಅಕ್ಕೋರ, ಒಂದ ಮಾತ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ನೀವು ಗಾಡಿಗೆ ಕಾಲ ಕಟ್ಟೀರಿ. ಮೇಯಾಕ ಬಿಟ್ಟ ದನಕ್ಕ ಕಾಲ ಕಟ್ಟಬೌದು. ಹೊಳಿ ದಾಟೂ ಮುಂದ ಬಿಚ್ಚಬೇಕು."

ನಾನು ಅಲ್ಲೇ ಡಬ್ಬಿ ಬಿಚ್ಚಿದೆ. ಒಳಗಿನ ಸರ್ಕ್ಯೂಟನ್ನು ಕತ್ತರಿಸಿ ತೆಗೆದು, ಒಳಬರುವ ಎರಡು ವೈರುಗಳನ್ನು ಹೊರಹೋಗುವ ಎರಡಕ್ಕೆ ನೇರವಾಗಿ ಸೇರಿಸಿ ಟೇಪು ಸುತ್ತಿದೆ. ಈಗ ಕಾಲು ನೂರು ಎಂದರೆ ಕಂಪ್ಯೂಟರಿಗೂ ನೂರೇ ಕೇಳಿಸುತ್ತಿತ್ತು. ಹಸಿರು ದೀಪದ ವೈರು ಮಾತ್ರ ಬಿಟ್ಟೆ. ಡಬ್ಬಿಯನ್ನೇ ಕಿತ್ತರೆ ಅಧ್ಯಕ್ಷರು ಏಕೆಂದು ಕೇಳುತ್ತಿದ್ದರು. ಹೇಳಿದರೆ ಪ್ರಾಚಾರ್ಯರ ಮುಖ ಹೋಗುತ್ತಿತ್ತು, ನನ್ನ ನೌಕರಿಗೂ ಸಂಚಕಾರ. ನಿವೃತ್ತಿಗೆ ಮೂರು ವರ್ಷವಿತ್ತು. ಕೆಸರಿನ ಬಗ್ಗೆ ಕೇಳಿದರೆ ಕುರಿ ಅಡ್ಡ ಬಂತೆಂದು ಹೇಳುವುದಾಗಿ ಬೀರಪ್ಪ ಒಪ್ಪಿಕೊಂಡ. ಹಾಗೆಯೇ ಹೇಳಿದ.

ಆಮೇಲಿನದು ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಒಳಗೆ ಏನೂ ಇಲ್ಲದ ಡಬ್ಬಿ ಹೊತ್ತ ಕಾರಿನ ಮೈಲೇಜು ಹದಿನಾರಾಯಿತು, ಹದಿನೆಂಟಾಯಿತು. ಅಧ್ಯಕ್ಷರು ಸಭೆಯಲ್ಲಿ ನನ್ನನ್ನು ಕರೆಸಿ, "ನಮ್ಮೂರ ಮಗಳು, ಕಂಪನಿಯವ್ರಿಗೆ ಆಗದ್ದು ಮಾಡಿ ತೋರ್ಸ್ಯಾಳ" ಎಂದರು. ಇಂಥ ಹೊಗಳಿಕೆ ಮುಳ್ಳಿನಂತೆ ಚುಚ್ಚಿತು ಎಂದು ಬರೆದರೆ ಚೆಂದ. ಚುಚ್ಚಲಿಲ್ಲ. ಸಿಹಿಯಾಗಿಯೇ ಇತ್ತು. ಒಂದು ತಿಂಗಳು ನಾನು ಅದನ್ನು ಚೀಪುತ್ತ ಸುಮ್ಮನಿದ್ದೆ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ ತಪ್ಪು ಡಬ್ಬಿ ಕೂರಿಸಿದ್ದಕ್ಕಿಂತ ಹೆಚ್ಚಾಗಿ ಆ ಒಂದು ತಿಂಗಳದ್ದು.

ತಿಂಗಳ ಕೊನೆಗೆ ಪ್ರಾಚಾರ್ಯರು ಲ್ಯಾಬಿಗೆ ಬಂದು ಹೊಸ ಸುದ್ದಿ ಹೇಳಿದರು. ಅಧ್ಯಕ್ಷರ ಸ್ನೇಹಿತರಾದ ವ್ಯಾಪಾರಸ್ಥರಿಗೆ ಡಬ್ಬಿಯ ವಿಷಯ ತಿಳಿದಿತ್ತು. ಅವರ ಕಾರುಗಳಿಗೂ, ವಿದ್ಯಾರ್ಥಿನಿಯರನ್ನು ಕರೆತರುವ ನಮ್ಮ ಎರಡು ಹೊಸ ವ್ಯಾನುಗಳಿಗೂ ಸೇರಿ ಹನ್ನೆರಡು ಡಬ್ಬಿ ಬೇಕಾಗಿತ್ತು.

"ನೀವು ಶ್ರಮಪಡಬೇಕಾಗಿಲ್ಲ. ನಿಮ್ಮ ಚಿತ್ರ ಟೈಪಾಗಿದೆಯಲ್ಲ, ಹುಬ್ಬಳ್ಳಿಯಲ್ಲಿ ಮಾಡಿಸುತ್ತೇನೆ. ಭಾನುವಾರ ಬಾದಾಮಿಯಲ್ಲಿ ಎಲ್ಲರೆದುರು ಒಂದು ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೇನೆ."

ಟೈಪಾದ ಚಿತ್ರ ಎಂದರೆ ಮೊದಲಿನ ಚಿತ್ರ. ನೂರಕ್ಕೆ ಎಂಬತ್ತು.

"ಸರ್, ಅದರಾಗ ಒಂದ ದೋಷ ಐತ್ರಿ" ಎಂದೆ.

"ಮೈಲೇಜ್ ಹದಿನೆಂಟು ಬರುತ್ತಿರುವಾಗ ಯಾವ ದೋಷ ಇದ್ದರೇನು?" ಎಂದು ನಗುತ್ತ ಹೋದರು.

ಬಾದಾಮಿಯಲ್ಲಿ ಒಂದು ಲಾಡ್ಜಿನ ಅಂಗಳ. ಗುಹೆ ನೋಡಲು ಬಂದ ಪ್ರವಾಸಿಗರ ಬಸ್ಸುಗಳ ಪಕ್ಕದಲ್ಲಿ ಅಧ್ಯಕ್ಷರ ಕಾರು ತೊಳೆದು ಹೊಳೆಯುತ್ತಿತ್ತು. ಆರೇಳು ಜನ ವ್ಯಾಪಾರಸ್ಥರು ಕುರ್ಚಿ ಹಾಕಿಕೊಂಡು ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. ಪ್ರಾಚಾರ್ಯರು ಅರ್ಧ ಗಂಟೆ ಮಾತಾಡಿದರು. ಕಾಲಿನ ಇಚ್ಛೆಯನ್ನು ಸಂಸ್ಕರಿಸುವುದು ಎಂದೇನೋ ಅಂದದ್ದು ನೆನಪಿದೆ. ಕೊನೆಗೆ, "ಈಗ ಗಿರಿಜಾ ಅವರು ಡಬ್ಬಿಯನ್ನು ತೆರೆದು ಅದರ ಅಂತರಂಗವನ್ನು ತೋರಿಸುತ್ತಾರೆ" ಎಂದರು.

ನಾನು ಏನು ಮಾಡಬೇಕೆಂದು ನಿರ್ಧರಿಸಿಕೊಂಡು ಹೋಗಿದ್ದೆ ಎಂದರೆ ಸುಳ್ಳಾದೀತು. ಸ್ಕ್ರೂಡ್ರೈವರ್ ಕೈಯಲ್ಲಿತ್ತು, ಎಲ್ಲರೂ ನೋಡುತ್ತಿದ್ದರು. ಬೀರಪ್ಪ ಕಾರಿನ ಬಾಗಿಲು ಹಿಡಿದು ನಿಂತಿದ್ದ. ಅವನೂ ನೋಡುತ್ತಿದ್ದ, ಆದರೆ ಡಬ್ಬಿಯನ್ನಲ್ಲ, ನನ್ನನ್ನು. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ.

ಪ್ರಾಚಾರ್ಯರು ಬಗ್ಗಿ ನೋಡಿದರು. "ಸರ್ಕ್ಯೂಟ್ ಎಲ್ಲಿ?"

"ಇಲ್ರಿ ಸರ್. ತಗದೇನಿ."

"ಯಾವಾಗ?"

"ಒಂದ ತಿಂಗಳಾತ್ರಿ."

ಆಮೇಲೆ ಎಲ್ಲವನ್ನೂ ಹೇಳಿದೆ. ಟ್ರ್ಯಾಕ್ಟರು, ಟಂಟಂ, ಪೂರ್ತಿ ತುಳಿದರೂ ಎಳೆಯದ ಗಾಡಿ. "ಆ ಚಿತ್ರದ ಪ್ರಕಾರ ಹನ್ನೆರಡು ಮಾಡಿದ್ರ ಹನ್ನೆರಡು ಗಾಡಿ ಹಿಂಗ ನಡುದಾರ್ಯಾಗ ಕೈ ಕೊಡತಾವ್ರಿ. ಎರಡರಾಗ ನಮ್ಮ ಹುಡುಗ್ಯಾರ ಇರ್ತಾರ" ಎಂದೆ. ಒಬ್ಬರ ಕೈಯಲ್ಲಿ ಮಿರ್ಚಿ ಹಾಗೇ ನಿಂತಿತ್ತು.

ಅಧ್ಯಕ್ಷರು ಬೀರಪ್ಪನ ಕಡೆ ತಿರುಗಿದರು. "ಕುರಿ ಅಡ್ಡ ಬಂತು ಅಂದಿದ್ದೆಲ್ಲೋ ಲೇ?"

"ಕುರಿ ಅಡ್ಡ ಬಂದಿರಲಿಲ್ರಿ ಸಾಹೇಬ್ರ. ಎರಡೂ ಗಾಡಿ ಒಳಗ ಇದ್ದುವು" ಎಂದ ಬೀರಪ್ಪ.

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಗಲಿಲ್ಲ. "ಅದ್ಯಾಕೋ ಇರ್ಲಿ. ಡಬ್ಬ್ಯಾಗ ಏನೂ ಇಲ್ಲಂದ್ರ ಹದಿನೆಂಟ ಹೆಂಗ ಬಂತು? ಅದನ್ನ ಹೇಳ ಮೊದಲ."

ಬೀರಪ್ಪ ತಲೆ ಕೆರೆದುಕೊಂಡ. "ಹೇಳಬೌದೇನ್ರಿ?"

"ಹೇಳೋ."

"ಮೊದಲ ನೀವು ಹಿಂದಿನ ಸೀಟಿನ್ಯಾಗ ಕುಂತು, ಹೊಡಿ ಹೊಡಿ, ಜಲ್ದಿ ಹೊಡಿ, ಆ ಗಾಡಿ ಹಿಂದ ಹಾಕ ಅಂತಿದ್ರಿ. 'ಜಲ್ದಿ' ಅಂದಾಗೊಮ್ಮೆ ನಾ ತುಳೀತಿದ್ದೆ, ಆಮ್ಯಾಲ ಬ್ರೇಕ್ ಹೊಡೀತಿದ್ದೆ. ಡಬ್ಬಿ ಕುಂತಾಗಿಂದ ನೀವು ಮುಂದ ಬಂದು ಕುಂತು, ಹಸರ ದೀಪಾ, ಮೈಲೇಜಿನ ನಂಬರಾ ನೋಡ್ಕೋಂತ ಬರ್ತೀರಿ. ನಂಬರ ಇಳದ್ರ, 'ಸಾವಕಾಶ ಹೋಗೋ ಬೀರಪ್ಪ' ಅಂತೀರಿ. ಸಾವಕಾಶ ಹೋದ್ರ ಯಾವ ಗಾಡೀನೂ ಕೊಡತೈತ್ರಿ."

ಅಂಗಳದಲ್ಲಿ ನಗೆ ಎದ್ದಿತು. ಅಧ್ಯಕ್ಷರ ಮುಖ ಅವರ ಗ್ರಾನೈಟಿನ ಬಣ್ಣಕ್ಕೆ ತಿರುಗಿತು. ಬೀರಪ್ಪನ ನೌಕರಿ ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದೆ. ಅವರು ಎದ್ದು ಬಂದು ಡಬ್ಬಿಯೊಳಗೆ ಇಣುಕಿ, ಟೇಪು ಸುತ್ತಿದ ವೈರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನನ್ನತ್ತ ಬಗ್ಗಿ, ಮೆಲ್ಲಗೆ ಕೇಳಿದರು: "ಆ ಟಂಟಂನ್ಯಾಗ ಎಷ್ಟ ಮಂದಿ ಇದ್ರವಾ?"

"ಹತ್ತ ಮಂದಿರಿ."

"ಹೂಂ" ಎಂದರು. ಪ್ರಾಚಾರ್ಯರಿಗೆ, "ಹುಬ್ಬಳ್ಳಿಯವ್ರಿಗೆ ಫೋನ್ ಮಾಡಿ ಬ್ಯಾಡ ಅನ್ರಿ" ಎಂದು ಹೇಳಿ ಕಾರು ಹತ್ತಿದರು. ಹಿಂದಿನ ಸೀಟಿಗೆ ಹತ್ತಿದರು. ಅಷ್ಟಾದರೂ ಬೀರಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ನಾನು ನಿವೃತ್ತಳಾಗುವವರೆಗೂ ಅವನೇ ಡ್ರೈವರ್. ಮೈಲೇಜು ಹದಿನಾಲ್ಕರ ಆಸುಪಾಸಿಗೆ ಬಂದು ನಿಂತಿತೆಂದು ಅವನೇ ಹೇಳುತ್ತಿದ್ದ.

ಆದರೆ ಸಂಸ್ಥೆಯ ಮರ್ಯಾದೆ ಹೋದಾಗ ಯಾರಿಗಾದರೂ ಒಂದು ಮೆಮೋ ಕೊಡಲೇಬೇಕು. ಸೋಮವಾರ ಹನ್ನೊಂದು ಗಂಟೆಗೆ ನನ್ನ ಮೇಜಿನ ಮೇಲೆ ಬಂತು. ಸಂಶೋಧನಾ ಉಪಕರಣದ ಸರ್ಕ್ಯೂಟನ್ನು ಮೇಲಧಿಕಾರಿಗಳ ಪೂರ್ವಾನುಮತಿಯಿಲ್ಲದೆ ಕತ್ತರಿಸಿದ್ದೇಕೆ ಎಂದು ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು. ಅದನ್ನು ಕೂರಿಸಿದ್ದೇಕೆ ಎಂದು ಮೆಮೋ ಕೇಳಿರಲಿಲ್ಲ.

ನನಗೆ ಮೂರು ದಿನ ಬೇಕಾಗಲಿಲ್ಲ. ಅಲ್ಲೇ ಕೂತು ಬರೆದೆ: "ಆ ರಸ್ತೆಯಲ್ಲಿ ಎದುರಿಗೆ ಬರುವವರ ಅನುಮತಿ ಕೇಳದೆ ಡಬ್ಬಿ ಕೂರಿಸಿದೆ. ಅದು ತಪ್ಪು. ತಿಂಗಳು ಸುಮ್ಮನಿದ್ದೆ. ಅದು ಇನ್ನೂ ದೊಡ್ಡ ತಪ್ಪು. ನಿಮ್ಮ ಅನುಮತಿ ಕೇಳದೆ ಕತ್ತರಿಸಿದ್ದು ಮಾತ್ರ ತಪ್ಪಲ್ಲ." ಸಹಿ ಮಾಡಿ, ನಾನೇ ಒಯ್ದು ಪ್ರಾಚಾರ್ಯರ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಈಗ ಏನಾದರೂ ಅನ್ನುತ್ತಾರೆ ಎಂದು ನಾನು ಸೆರಗು ಬಿಗಿಮಾಡಿಕೊಂಡು ನಿಂತೆ.

"ತುಂಬ ಚೆನ್ನಾಗಿ ಬರೆದಿದ್ದೀರಿ" ಎಂದರು. "ಆದರೆ ಕಡತಕ್ಕೆ ಇಂಗ್ಲಿಷಿನಲ್ಲಿ ಬೇಕಲ್ಲ."

ನನ್ನ ಇಂಗ್ಲಿಷು ಕೆಪಾಸಿಟರು, ಟ್ರಾನ್ಸ್‌ಫಾರ್ಮರುಗಳಲ್ಲೇ ಮುಗಿಯುತ್ತಿತ್ತು. ವೈರು ಕತ್ತರಿಸಿದ್ದು ನಾನೇ, ಕಾರು ಈಗ ಸರಿಯಿದೆ ಎಂಬ ಅರ್ಥ ಬರುವಂತೆ ಎರಡು ವಾಕ್ಯ ಹೇಗೋ ಕೂಡಿಸಿ ಬರೆದುಕೊಟ್ಟೆ. ಪ್ರಾಚಾರ್ಯರು ಕೆಂಪು ಪೆನ್ನು ತೆಗೆದುಕೊಂಡು ಎರಡು ಕಡೆ ವ್ಯಾಕರಣ ತಿದ್ದಿದರು, 'ಸಮಜಾಯಿಷಿ ತೃಪ್ತಿಕರ' ಎಂದು ಕೆಳಗೆ ಬರೆದು ಸಹಿ ಹಾಕಿದರು, ಕಡತ ಮುಚ್ಚಿದರು.